ಪಿಸುಮಾತಿನ ಪಕ್ಕದಲ್ಲಿ ಡೊಳ್ಳು

ಮೇಷ್ಟ್ರು ಮೆಲುದನಿಯಲ್ಲಿ ಉಕ್ತಲೇಖನ ಹೇಳುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಡೊಳ್ಳು ಕುಣಿತದ ಅಭ್ಯಾಸ ನಡೆದಿದೆ. ಡೊಳ್ಳಿನವರು ತಮ್ಮ ಕೋಣೆ ಬಿಟ್ಟು ಬಂದಿಲ್ಲ. ಆದರೂ ಮಕ್ಕಳಿಗೆ ಮೇಷ್ಟ್ರ ಮಾತು ಕೇಳಿಸದು. ತಪ್ಪು ಯಾರದು? ಅಮೆರಿಕದಲ್ಲಿ ಹತ್ತು ವರ್ಷಕ್ಕೂ ಮೀರಿ ಎಳೆದಾಡಿದ ಒಂದು ರೇಡಿಯೊ ವ್ಯಾಜ್ಯದ ಪ್ರಶ್ನೆಯೂ ಇದೇ.

ವಿಮಾನಕ್ಕೂ ನಮ್ಮ ಮೊಬೈಲಿಗೂ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅವುಗಳ ಸಂಕೇತ ನೆಲ ಮುಟ್ಟುವಾಗ ಎಷ್ಟು ಕ್ಷೀಣವಾಗಿರುತ್ತದೆ ಗೊತ್ತೆ? ಒಂದು ವಾಟನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಚೂರು ಮಾಡಿದರೆ ಒಂದು ಚೂರು ಎಷ್ಟೋ, ಹೆಚ್ಚುಕಡಿಮೆ ಅಷ್ಟು! ಇದರ ಮುಖ್ಯ ಆವರ್ತಾಂಕ 1575.42 ಮೆಗಾಹರ್ಟ್ಸ್.

ಇದಕ್ಕೆ ಅಂಟಿಕೊಂಡಂತೆ 1525ರಿಂದ 1559 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯೂ ಉಪಗ್ರಹ ಸಂಪರ್ಕಕ್ಕೇ ಮೀಸಲಾಗಿತ್ತು. ಎರಡು ಕಡೆಯೂ ಪಿಸುಮಾತು, ಜಗಳವಿರಲಿಲ್ಲ. ಲೈಟ್‌ಸ್ಕ್ವೇರ್ಡ್ ಎಂಬ ಕಂಪನಿ ಈ ಪಟ್ಟಿಯನ್ನು ಬಳಸಿ, ನೆಲದ ಮೇಲೆ ಸುಮಾರು 40,000 ಕೇಂದ್ರಗಳನ್ನು ನಿಲ್ಲಿಸಿ ದೇಶಕ್ಕೆಲ್ಲ ನಿಸ್ತಂತು ಬ್ರಾಡ್‌ಬ್ಯಾಂಡ್ ಕೊಡಲು ಹೊರಟಿತು. ಅಲ್ಲಿನ ಸಂಪರ್ಕ ಆಯೋಗ 2011ರ ಜನವರಿಯಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪರೀಕ್ಷೆ ಮಾಡಿದಾಗ ಅನೇಕ ಜಿಪಿಎಸ್ ರಿಸೀವರುಗಳು ತಬ್ಬಿಬ್ಬಾದವು. 2012ರ ಫೆಬ್ರವರಿಯಲ್ಲಿ ಆಯೋಗ ಒಪ್ಪಿಗೆ ಹಿಂತೆಗೆಯಲು ಮುಂದಾಯಿತು. ಮೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಕಂಪನಿ ತನ್ನ ಪಟ್ಟಿಯಲ್ಲೇ ಇದ್ದರೂ ತೊಂದರೆ ಏಕೆ? ಉತ್ತರ ಇರುವುದು ರಿಸೀವರಿನಲ್ಲಿ. ಬೇಡದ ಅಲೆಗಳನ್ನು ತಡೆಯುವ ಫಿಲ್ಟರ್ ಚಾಕುವಿನಿಂದ ಕತ್ತರಿಸಿದಂತೆ ತಡೆಯಲಾರದು. ಇಳಿಜಾರಿನಂತೆ ಮೆಲ್ಲಮೆಲ್ಲನೆ ತಡೆಯುತ್ತದೆ. ನೆರೆಯ ಅಲೆ ಬಹಳ ಪ್ರಬಲವಾದರೆ ಅದರ ಪಾಲು ಒಳನುಗ್ಗಿ ಕ್ಷೀಣ ಸಂಕೇತವನ್ನು ಮುಳುಗಿಸುತ್ತದೆ. ‘ನಿಮ್ಮ ಗೋಡೆ ತೆಳು’ ಎಂದಿತು ಕಂಪನಿ. ‘ಗೋಡೆ ಕಟ್ಟಿದಾಗ ಪಕ್ಕದಲ್ಲಿ ಡೊಳ್ಳಿರಲಿಲ್ಲ’ ಎಂದರು ಜಿಪಿಎಸ್ ಬಳಕೆದಾರರು. ಎರಡರಲ್ಲೂ ಸತ್ಯವಿದೆ.

ಕಂಪನಿ ಮುಂದೆ ಲಿಗಾಡೊ ಎಂಬ ಹೆಸರಿನಲ್ಲಿ ಮರಳಿತು. 2020ರ ಏಪ್ರಿಲಿನಲ್ಲಿ ಆಯೋಗ, ಪ್ರಸಾರದ ಶಕ್ತಿಯನ್ನು ಹತ್ತು ವಾಟಿನೊಳಗೆ ತಗ್ಗಿಸಿ, ಜಿಪಿಎಸ್ ಪಟ್ಟಿಯ ನಡುವೆ 23 ಮೆಗಾಹರ್ಟ್ಸ್ ಖಾಲಿ ಬಿಡಬೇಕೆಂದು ವಿಧಿಸಿ ಅನುಮತಿ ಕೊಟ್ಟಿತು. ಅಮೆರಿಕದ ರಕ್ಷಣಾ ಇಲಾಖೆ ಅದನ್ನೂ ವಿರೋಧಿಸಿತು. 2025ರ ಜನವರಿಯಲ್ಲಿ ಲಿಗಾಡೊ ಕೂಡ ದಿವಾಳಿ ಅರ್ಜಿ ಸಲ್ಲಿಸಿತು.

ಈ ಪಾಠ ನಮಗೂ ಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ ರೂಪಿಸಿದ ‘ನಾವಿಕ್’ ವ್ಯವಸ್ಥೆಯ ಒಂದು ಸಂಕೇತ 2492 ಮೆಗಾಹರ್ಟ್ಸ್ ಬಳಿ ಇದೆ. ಮನೆಮನೆಯ ವೈಫೈ ಬಳಸುವ ಒಂದು ಪಟ್ಟಿ ಅದರ ಕೆಳಗೇ, 2483.5ಕ್ಕೆ ಮುಗಿಯುತ್ತದೆ. ನೆರೆ ದೂರದಲ್ಲಿಲ್ಲ!

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಫ್ಎಂ ಪ್ರಸಾರ ಗೋಪುರದ ಹತ್ತಿರ ಇರುವವರು ಹಳೆಯ ರೇಡಿಯೊದ ಮುಳ್ಳನ್ನು ನಿಧಾನವಾಗಿ ತಿರುಗಿಸಿ. ಆ ಕೇಂದ್ರದ ಹಾಡು ಅದರ ಅಂಕಿಯನ್ನು ದಾಟಿದ ಮೇಲೂ ಕೇಳುತ್ತಿದ್ದರೆ, ನಿಮ್ಮ ರೇಡಿಯೊದ ಗೋಡೆ ತೆಳುವಾಗಿದೆ ಎಂದು ತಿಳಿಯಿರಿ.