ದೊಡ್ಡ ಮೀನಿಗೆ ಮೊದಲು ದಾರ

ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಅಂದರೆ 54 ಕಿಲೋ. ಬೇಟೆಯ ಪ್ರಾಣಿಗಳ ಚರ್ಮ ಹದ ಮಾಡಿ ಜೀವಂತ ನಿಂತಂತೆ ರೂಪಿಸುತ್ತಿದ್ದ ಆ ಮನೆತನದ ಹೆಸರು ಮೈಸೂರಿನವರಿಗೆ ಹೊಸದಲ್ಲ. ಅಮೆರಿಕದ ಕ್ಯಾನ್ಸಸ್‌ನಲ್ಲಿ 1998ರಲ್ಲಿ ಸಿಕ್ಕ ಫ್ಲಾಟ್‌ಹೆಡ್ ಕ್ಯಾಟ್‌ಫಿಶ್ 123 ಪೌಂಡ್ ಇತ್ತು. ಆ ಜಾತಿಯ ವಿಶ್ವದಾಖಲೆ ಅದು. ಮಹಶೀರ್ ಸೆಳವಿನಲ್ಲಿ, ಬಂಡೆಗಳ ನಡುವೆ ಓಡಾಡಿಕೊಂಡಿರುವ ಮೀನು. ಚಪ್ಪಟೆ ತಲೆಯ ಈ ಅಮೆರಿಕದ ಮೀಸೆಮೀನೋ ಹಗಲೆಲ್ಲ ನೀರಿನಡಿಯ ಮರದ ದಿಮ್ಮಿಗಳ ಸಂದಿಯಲ್ಲಿ ಬಿದ್ದಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಎರಡರ ಸ್ವಭಾವಕ್ಕೂ ಅಜಗಜಾಂತರ. ದಡದಲ್ಲಿ ನಿಂತವರನ್ನು ಕಾಡುವ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ: ಐವತ್ತು ಕಿಲೋ ತೂಗಬಹುದಾದ ಜೀವವನ್ನು ತಡೆದು ತಿರುಗಿಸಲು ಕೈಯಲ್ಲಿ ಏನಿರಬೇಕು?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ವಾರಾಂತ್ಯಕ್ಕೆ ಗಾಳ ಹಿಡಿದು ಹೊರಡುವ ಹುಡುಗರಿದ್ದಾರೆ. ಹೆಚ್ಚಿನವರು ಆನ್‌ಲೈನ್‌ನಲ್ಲಿ ರಾಡ್, ರೀಲ್ ಜೋಡಿಯನ್ನು ಒಟ್ಟಿಗೇ ತರಿಸಿಕೊಳ್ಳುತ್ತಾರೆ. ಅದರ ಜೊತೆ ಒಂದು ಸುರುಳಿ ದಾರ ಪುಕ್ಕಟೆಯಾಗಿ ಬರುತ್ತದೆ. ಅಂಗಡಿಗೆ ಹೋದರೂ ಮೊದಲು ಕೈಗೆ ಕೊಡುವುದು ರಾಡ್, ಆಮೇಲೆ ರೀಲ್, ಕೊನೆಗೆ ದಾರ. ಈ ಕ್ರಮ ತಲೆಕೆಳಗು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನೀರನ್ನು ನೋಡಬೇಕು. ನೀರು ದಾರವನ್ನು ಹೇಳುತ್ತದೆ. ಆ ದಾರ ಎಷ್ಟು ಉದ್ದ ಹಿಡಿಸಬೇಕು ಎಂಬುದರ ಮೇಲೆ ರೀಲ್, ಆ ದಾರದ ಬಲಕ್ಕೆ ತಕ್ಕಂತೆ ಬಾಗುವ ರಾಡ್.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಮೀನುಗಳಿಗೆ ಗಾಳ ಹಾಕುವ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದೇ ಗಾತ್ರದ ಸಾಲ್ಮನ್ ಮೀನಿಗಿಂತ ನಮ್ಮ ಮಹಶೀರ್‌ನ ಸೆಣಸಾಟವೇ ದೊಡ್ಡದು ಎಂದು ಇಂಗ್ಲಿಷರಿಗೆ ಒತ್ತಿ ಹೇಳಿದವರು ಅವರು. ಆ ಕಾಲದಲ್ಲಿ ರಾಡ್ ಎಂದರೆ ಬಿದಿರು ಅಥವಾ ಗಟ್ಟಿ ಮರ, ದಾರ ಎಂದರೆ ಹೆಣೆದ ರೇಷ್ಮೆ. ನೆನೆದ ರೇಷ್ಮೆಯನ್ನು ಪ್ರತಿ ಸಂಜೆ ಬಿಚ್ಚಿ ನೆರಳಲ್ಲಿ ಒಣಗಿಸದಿದ್ದರೆ ಅದು ಕೊಳೆಯುತ್ತಿತ್ತು. ದಾರವನ್ನು ಆರೈಕೆ ಮಾಡುವ ಅಭ್ಯಾಸ ಅಲ್ಲಿಂದ ಬಂದದ್ದು. ನೈಲಾನ್ ಬಂದ ಮೇಲೆ ನಾವು ಅದನ್ನು ಮರೆತೆವು, ಮರೆಯಬಾರದಿತ್ತು.

ಕಾವೇರಿಯನ್ನೇ ನೋಡಿ. ಶಿವನಸಮುದ್ರದ ಕೆಳಗೆ ಮೇಕೆದಾಟಿನವರೆಗೆ ಹೊಳೆಯ ತಳವೆಲ್ಲ ಕಗ್ಗಲ್ಲು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಯಲ್ಲಿ ಗಾಳಗಾರರ ಶಿಬಿರಗಳಿದ್ದ ಕಾಲದಲ್ಲಿ ದೇಶವಿದೇಶದವರು ಅಲ್ಲಿಗೆ ಬರುತ್ತಿದ್ದರು. ಮಹಶೀರ್ ಎರೆ ಕಚ್ಚಿದ ಕೂಡಲೇ ಸೆಳವಿನ ಜೊತೆ ಕೆಳಗೆ ಓಡುತ್ತದೆ, ನೂರು ಮೀಟರ್ ದಾರ ಕಣ್ಣು ಮಿಟುಕಿಸುವಷ್ಟರಲ್ಲಿ ರೀಲ್‌ನಿಂದ ಹೋಗುತ್ತದೆ. ಅಷ್ಟೂ ದಾರ ಬಂಡೆಯ ಅಂಚುಗಳಿಗೆ ಉಜ್ಜುತ್ತಿರುತ್ತದೆ. ಇಲ್ಲಿ ದಾರ ಎಷ್ಟು ಭಾರ ಎತ್ತುತ್ತದೆ ಎಂಬುದಕ್ಕಿಂತ ಎಷ್ಟು ಉಜ್ಜಾಟ ತಡೆಯುತ್ತದೆ ಎಂಬುದೇ ಮುಖ್ಯ. ಹೆಣೆದ ಬ್ರೇಡ್ ದಾರ ತೆಳುವಾದರೂ ಬಲು ಗಟ್ಟಿ, ಹಿಗ್ಗುವುದಿಲ್ಲ. ಆದರೆ ಬಿಗಿದು ನಿಂತಾಗ ಕಲ್ಲಿನ ಚೂಪು ಅಂಚು ತಗುಲಿದರೆ ಪಟ್ಟನೆ ತುಂಡಾಗುತ್ತದೆ. ಒಂಟಿ ಎಳೆಯ ನೈಲಾನ್ ಮೋನೋ ದಪ್ಪ, ಸ್ವಲ್ಪ ಹಿಗ್ಗುತ್ತದೆ, ಗೀರು ಬಿದ್ದರೂ ಕೆಲಕಾಲ ತಾಳುತ್ತದೆ. ಆದ್ದರಿಂದಲೇ ಕಾವೇರಿಯವರು ಸುಮಾರು ಅರ್ಧ ಮಿಲಿಮೀಟರ್ ದಪ್ಪದ, 30ರಿಂದ 40 ಪೌಂಡ್ ತಡೆಯುವ ಮೋನೋವನ್ನು ನೆಚ್ಚಿಕೊಂಡಿದ್ದರು.

ಆ ಗಾಳದ ತುದಿಯಲ್ಲಿ ಇರುತ್ತಿದ್ದದ್ದು ರಾಗಿ. ರಾಗಿ ಹಿಟ್ಟನ್ನು ಸೋಂಪಿನಂಥ ಘಮದ ಮಸಾಲೆ ಬೆರೆಸಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ನೀರಲ್ಲಿ ಬೇಯಿಸುತ್ತಾರೆ. ಬೆಂದ ಉಂಡೆಯನ್ನು ಮತ್ತೆ ನಾದಿದರೆ ಅದು ರಬ್ಬರಿನಂತೆ ಬಿಗಿಯಾಗುತ್ತದೆ, ಸೆಳವಿಗೆ ಕರಗುವುದಿಲ್ಲ, ಸಣ್ಣ ಮೀನುಗಳು ಕುಟುಕಿದರೂ ಬಿಚ್ಚಿಕೊಳ್ಳುವುದಿಲ್ಲ. ನಿಂಬೆಹಣ್ಣಿನಿಂದ ಕಿತ್ತಳೆ ಗಾತ್ರದವರೆಗಿನ ಈ ಮುದ್ದೆಯನ್ನು ದೊಡ್ಡ ಕೊಕ್ಕೆಗೆ ಮೆತ್ತಿ, ದಾರಕ್ಕೆ ಸೀಸದ ಪಟ್ಟಿ ಸುತ್ತಿ ಎಸೆಯುತ್ತಿದ್ದರು. ಸೀಸ ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ಅದು ಜಾರಿ ಬರುತ್ತದೆ, ದಾರ ಉಳಿಯುತ್ತದೆ. ಮೀನು ಬಂಡೆ ಸುತ್ತಿಕೊಂಡು ನಿಂತರೆ ಹರಿಗೋಲಿನಲ್ಲಿ ಕೂತು ಆ ಬಂಡೆಯ ಆಚೆಗೆ ಹೋಗಿ ದಾರ ಬಿಡಿಸುತ್ತಿದ್ದರು. ಹೊಳೆಯ ಒಂದೊಂದು ಮಡುವಿನ ತಳದಲ್ಲಿ ಯಾವ ಕಲ್ಲು ಎಲ್ಲಿದೆ ಎಂದು ಬಲ್ಲ ಸ್ಥಳೀಯ ಹುಟ್ಟುಗಾರರಿಲ್ಲದೆ ಯಾವ ವಿದೇಶಿ ಗಾಳಗಾರನೂ ಅಲ್ಲಿ ದೊಡ್ಡ ಮೀನು ಹಿಡಿದದ್ದಿಲ್ಲ ಎಂದರೆ ತಪ್ಪಾಗದು.

ಈಗ ನಮ್ಮ ಉತ್ತರ ಬೆಂಗಳೂರಿನ ಕಡೆಯ ಕೆರೆ, ಹೊಂಡಗಳ ನೀರಿಗೆ ಬನ್ನಿ. ಇಲ್ಲಿ ಬಂಡೆಗಿಂತ ಹೂಳು, ಜೊಂಡು, ನೀರಿನ ಕಳೆ. ಮೀನು ಓಡುವುದು ಕಡಿಮೆ, ಕಳೆಯೊಳಗೆ ನುಗ್ಗಿ ಕೂರುವುದು ಹೆಚ್ಚು. ಕಾಟ್ಲಾ, ರೋಹುಗಳ ಜೊತೆ ಇಲ್ಲಿ ಗಾಳಕ್ಕೆ ಬೀಳುವ ಭಾರಿ ಮೀಸೆಮೀನು ಆಫ್ರಿಕನ್ ಕ್ಯಾಟ್‌ಫಿಶ್. ಗಾಳಿಯನ್ನೇ ಉಸಿರಾಡಬಲ್ಲ ಮೀನು ಅದು, ಕೊಳಕು ನೀರಲ್ಲೂ ಬದುಕುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ನಮ್ಮ ಕೊರವ, ಚೇಳುಮೀನುಗಳ ಮರಿಗಳಿಗೆ ಅದೇ ಯಮ. ದೇಶದಲ್ಲಿ ಅದರ ಸಾಕಣೆಗೆ ನಿಷೇಧವಿದೆ. ಹೊಳೆಯ ಕಡೆ ಹೋದರೆ ನಮ್ಮದೇ ನೆಲದ ದೊಡ್ಡ ಮೀಸೆಮೀನು ಬಾಳೆಮೀನು ಇದೆ, ಅದು ಈಗ ಅಪಾಯದಂಚಿನ ಪಟ್ಟಿಗೆ ಸೇರಿದೆ.

ಇಂಥ ನೀರಿಗೆ ನನ್ನ ಆಯ್ಕೆ 50 ಪೌಂಡ್‌ನ ಬ್ರೇಡ್. ಕಳೆಯ ದಂಟನ್ನು ಅದು ಕೊಯ್ದುಕೊಂಡು ಬರುತ್ತದೆ, ಹಿಗ್ಗದ ಕಾರಣ ಮೀನನ್ನು ಮೊದಲ ಎಳೆತದಲ್ಲೇ ತಿರುಗಿಸಬಹುದು. ಆದರೆ ಕೊಕ್ಕೆಯ ಹತ್ತಿರದ ಎರಡು ಮೂರು ಅಡಿ ಮಾತ್ರ 60 ಪೌಂಡ್‌ನ ದಪ್ಪ ಮೋನೋ ಇರಲೇಬೇಕು. ಮೀಸೆಮೀನಿನ ಬಾಯಲ್ಲಿ ಮರಳು ಕಾಗದದಂಥ ಸಣ್ಣ ಹಲ್ಲುಗಳ ಪಟ್ಟಿ ಇರುತ್ತದೆ, ಹತ್ತು ನಿಮಿಷ ತೇದರೆ ತೆಳು ದಾರ ಸವೆದೇಹೋಗುತ್ತದೆ. ಪ್ರತಿ ಮೀನಿನ ನಂತರ ಈ ತುಂಡನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ನಿಧಾನವಾಗಿ ಎಳೆದು ನೋಡಿ. ಉಗುರಿಗೆ ಎಲ್ಲಾದರೂ ಒರಟು ತಗುಲಿದರೆ ಯೋಚಿಸದೆ ಕತ್ತರಿಸಿ ಹೊಸದು ಕಟ್ಟಿ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚುವುದನ್ನು ಮರೆಯಬೇಡಿ. ಒಣ ಗಂಟು ಬಿಗಿಯುವಾಗಿನ ಕಾವಿಗೇ ದಾರ ಸೊರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಹಿಂಗಾಜಿನ ಕೆಳಗೆ ಬಿದ್ದಿದ್ದ ಮೋನೋವನ್ನು ನಂಬಲೇಬೇಡಿ.

ರೀಲ್ ವಿಷಯದಲ್ಲಿ ಎರಡು ಪಂಗಡ. ಸ್ಪಿನ್ನಿಂಗ್ ರೀಲ್ ಕಲಿಯಲು ಸುಲಭ, 6000 ಅಥವಾ 8000 ಗಾತ್ರದ್ದು ಕೆರೆಗೆ ಸಾಕು. ಗಂಭೀರವಾಗಿ ದೊಡ್ಡ ಮೀನಿನ ಹಿಂದೆ ಬಿದ್ದವರು ಮಲ್ಟಿಪ್ಲೈಯರ್ ಹಿಡಿಯುತ್ತಾರೆ. ಕಾವೇರಿಯಲ್ಲಿ ಸ್ವೀಡನ್ನಿನ ಅಬು ಕಂಪನಿಯ ಅಂಬಾಸಡರ್ ಹೆಸರುವಾಸಿಯಾಗಿತ್ತು. ಅದರಲ್ಲಿ ದಾರ ಸುತ್ತಿದ ಉರುಳೆಯೇ ತಿರುಗುವುದರಿಂದ ಎಳೆತ ನೇರವಾಗಿ ಬರುತ್ತದೆ, ದಾರ ಎಲ್ಲೂ ಮುರಿದು ತಿರುಗುವುದಿಲ್ಲ. ಕ್ಲಿಕ್ಕರ್ ಹಾಕಿ ಇಟ್ಟರೆ ಕತ್ತಲಲ್ಲಿ ಮೀನು ಎರೆ ಹೊತ್ತು ಹೊರಟದ್ದು ಕರಕರ ಸದ್ದಿನಿಂದಲೇ ತಿಳಿಯುತ್ತದೆ. ಫ್ಲಾಟ್‌ಹೆಡ್ ಹಿಡಿಯುವ ಅಮೆರಿಕದವರೂ ರಾತ್ರಿಯೆಲ್ಲ ಕಾಯುವುದು ಈ ಸದ್ದಿಗೇ.

ಯಾವ ರೀಲ್ ಆದರೂ ಜೀವಾಳ ಅದರ ಡ್ರ್ಯಾಗ್. ಎಷ್ಟು ಎಳೆದರೆ ದಾರ ಬಿಡಬೇಕು ಎಂದು ನಿಗದಿ ಮಾಡುವ ತಿರುಪು ಅದು. ಇದನ್ನು ಅಂದಾಜಿಗೆ ಬಿಗಿಯುವವರೇ ಹೆಚ್ಚು. ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಒಂದಿದ್ದರೆ ಸಾಕು: ದಾರದ ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಬ್ಬರು ಹಿಡಿದುಕೊಳ್ಳಲಿ, ನೀವು ರಾಡ್ ಬಾಗಿಸಿ ಎಳೆಯಿರಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲ್ ದಾರ ಬಿಡಬೇಕು. 40 ಪೌಂಡ್ ಎಂದರೆ ಸುಮಾರು 18 ಕಿಲೋ, ಹಾಗಾಗಿ ತಕ್ಕಡಿ ನಾಲ್ಕೂವರೆಯಿಂದ ಆರು ಕಿಲೋ ತೋರಿಸುವಾಗ ಉರುಳೆ ತಿರುಗತೊಡಗಬೇಕು. ಗಂಟು, ಬಾಗಿದ ರಾಡ್, ನೀರಿನ ಎಳೆತ ಎಲ್ಲ ಸೇರಿ ಉಳಿದ ಬಲವನ್ನು ತಿನ್ನುತ್ತವೆ.

ರಾಡ್‌ಗೆ ಹೆಚ್ಚು ಹೇಳಬೇಕಿಲ್ಲ. ಹೊಳೆಯಲ್ಲಿ ದಾರವನ್ನು ಬಂಡೆಗಳ ಮೇಲಕ್ಕೆ ಎತ್ತಿ ಹಿಡಿಯಲು 11–12 ಅಡಿ ಉದ್ದ ಬೇಕು. ಗಿಡಗಂಟಿ ಇರುವ ಕೆರೆ ಏರಿಗೆ ಏಳೆಂಟು ಅಡಿ ಸಾಕು. ಕಾರ್ಬನ್ ಹಗುರ, ಫೈಬರ್‌ಗ್ಲಾಸ್ ಭಾರ. ಮೀಸೆಮೀನಿಗೆ ಮಾತ್ರ ನಾನು ಫೈಬರ್‌ಗ್ಲಾಸ್ ಮಿಶ್ರಣದ ಪರ. ನಿಧಾನವಾಗಿ ಆಳಕ್ಕೆ ಬಾಗುತ್ತದೆ, ಏಟು ತಡೆಯುತ್ತದೆ, ಬೆಲೆಯೂ ಕಡಿಮೆ. ಕೊಕ್ಕೆ ಸರ್ಕಲ್ ಹುಕ್ ಆಗಿರಲಿ. ಅದು ಗಂಟಲಿಗಿಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಜಗ್ಗದೆ ಸುಮ್ಮನೆ ಸುತ್ತುತ್ತ ಹೋದರಾಯಿತು.

ಇಷ್ಟು ಬಲದ ಸರಂಜಾಮು ಮೀನಿನ ಹಿತಕ್ಕೂ ಬೇಕು. ತೆಳು ದಾರದಲ್ಲಿ ಒಂದು ಗಂಟೆ ಆಡಿಸಿ ಸೋತ ಮೀನನ್ನು ನೀರಿಗೆ ಬಿಟ್ಟರೂ ಅದು ಉಳಿಯುವ ಭರವಸೆಯಿಲ್ಲ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಮೀನು ಹಿಡಿದು, ತೂಗಿ, ಬಿಟ್ಟು, ಬರೆದಿಟ್ಟ ಲೆಕ್ಕದಿಂದಲೇ ವಿಜ್ಞಾನಿಗಳಿಗೆ ಒಂದು ಕಹಿ ಸತ್ಯ ತಿಳಿಯಿತು: ಕಾವೇರಿಯ ಮೂಲನಿವಾಸಿ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಮಾಯವಾಗುತ್ತಿತ್ತು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು. 54 ಕಿಲೋವರೆಗೆ ಬೆಳೆದ ಆ ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರು ಟಾರ್ ರೇಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ, ಅಳಿವಿನ ಅಂಚಿಗೆ ಬಂದ ಮೇಲೆ.

ಕಾವೇರಿ ವನ್ಯಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಕೊಡಗಿನ ವಾಲ್ನೂರಿನ ಬಳಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಕೊಟ್ಟು, ಹಿಡಿದ ಮಹಶೀರ್ ಬಿಡಬೇಕೆಂಬ ಷರತ್ತಿನ ಮೇಲೆ ಗಾಳಗಾರಿಕೆ ನಡೆಸುತ್ತ ಬಂದಿದೆ. ಬೆಂಗಳೂರಿನ ಅನೇಕ ಕೆರೆಗಳಲ್ಲಿ ಮೀನು ಹಿಡಿಯಲು ನಿರ್ಬಂಧವಿದೆ, ಕೆಲವೆಡೆ ಮೀನುಗಾರರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಇರುವಲ್ಲೇ ಕೂರಿ. ನಮ್ಮ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ಬಿಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ.

ಕತ್ತರಿಸಿದ ದಾರದ ಒಂದು ಗೇಣು ತುಂಡನ್ನೂ ಏರಿಯ ಮೇಲೆ ಎಸೆಯಬೇಡಿ. ಹೆಬ್ಬಾಳದಲ್ಲಿ, ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ನೂರಾರು ಹಕ್ಕಿಗಳು ಕೂರುತ್ತವೆ, ನೈಲಾನ್ ಕಾಲಿಗೆ ಸುತ್ತಿಕೊಂಡರೆ ಅವಕ್ಕೆ ಬಿಡಿಸಿಕೊಳ್ಳಲು ಬಾರದು. ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.