ರೂಪವನ್ನು ತಿದ್ದುವ ವಿಜ್ಞಾನ: ಸುರೂಪಿಕಾ ಶಸ್ತ್ರಚಿಕಿತ್ಸೆಯ ಹೊಸ ಹಾದಿಗಳು

ಮೂಗು, ತುಟಿ, ಕಿವಿ, ಮೈಬಣ್ಣ ಇವೆಲ್ಲ ಹುಟ್ಟಿನೊಡನೆ ಬಂದವು, ಬಂದಂತೆ ಬಾಳಬೇಕು ಎಂದು ನಮ್ಮ ಮನೆಗಳ ಹಿರಿಯರು ಹೇಳುತ್ತ ಬಂದಿದ್ದಾರೆ. ಇಂದು ಆ ಮಾತು ಪೂರ್ಣವಾಗಿ ನಿಜವಾಗಿ ಉಳಿದಿಲ್ಲ. ಸುಟ್ಟ ಚರ್ಮದ ಜಾಗದಲ್ಲಿ ಹೊಸ ಚರ್ಮವನ್ನು ಕೂಡಿಸುವುದು, ಸೀಳಿದ ತುಟಿಯನ್ನು ಹೊಲಿದು ಮಗುವಿಗೆ ನಗುವನ್ನು ಕೊಡುವುದು, ಇಲ್ಲದ ಕಿವಿಯನ್ನು ನಿರ್ಮಿಸುವುದು ವೈದ್ಯರಿಗೆ ಸಾಧ್ಯವಾಗಿದೆ. ಅದೇ ವಿದ್ಯೆಯು ಮುಖದ ಸುಕ್ಕನ್ನು ಅಳಿಸಲು, ಹೊಟ್ಟೆಯ ಕೊಬ್ಬನ್ನು ಇಳಿಸಲು, ಮೂಗನ್ನು ನೀಳಗೊಳಿಸಲು ಸಹ ಬಳಕೆಯಾಗುತ್ತಿದೆ. ನಗರಗಳ ಬೀದಿಬೀದಿಗಳಲ್ಲಿ ಇದರ ಫಲಕಗಳು ತೂಗುತ್ತಿರುವಾಗ, ಇದರಲ್ಲಿ ಯಾವುದು ನೋವನ್ನು ನೀಗುವ ವೈದ್ಯ, ಯಾವುದು ಬರಿಯ ವ್ಯಾಪಾರ ಎಂಬುದನ್ನು ಪ್ರತಿಯೊಂದು ಕುಟುಂಬವೂ ವಿವೇಚಿಸಿ ಅರಿಯಬೇಕಾಗಿದೆ.

ಹೆಸರಿನ ಅರ್ಥ, ವಿದ್ಯೆಯ ಮೂಲ

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ದೇಹದೊಳಗೆ ಪ್ಲಾಸ್ಟಿಕ್ಕನ್ನು ಇಡುತ್ತಾರೆಂದು ಭಾವಿಸುವವರು ಅನೇಕರಿದ್ದಾರೆ. ಇದು ತಪ್ಪು ತಿಳಿವಳಿಕೆ. ಅಚ್ಚಿನಲ್ಲಿ ಎರೆ, ಆಕಾರ ಕೊಡು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ಸುರೂಪಿಕಾ ಶಸ್ತ್ರಚಿಕಿತ್ಸೆ ಎಂದು ಕರೆಯುತ್ತೇವೆ.

ಈ ವಿದ್ಯೆಯ ಬೇರುಗಳು ನಮ್ಮ ನೆಲದಲ್ಲಿಯೇ ಇವೆ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ರೂಪಿಸುವ ಕ್ರಮವನ್ನು ಸುಶ್ರುತ ಸಂಹಿತೆಯು ವಿವರಿಸುತ್ತದೆ. ಯುರೋಪಿನ ವೈದ್ಯರ ಕಣ್ಣು ತೆರೆಸಿದ ಒಂದು ಘಟನೆಗೆ ಮೈಸೂರು ಸೀಮೆಯ ನಂಟೂ ಇದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಿಗನು 1792ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕೂಡಿಸಿದನು. ಮೇಣದ ತೆಳುಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟೇ ಚರ್ಮವನ್ನು ಬಿಡಿಸಿ ಕೆಳಕ್ಕೆ ಮಡಿಸಿ ಕೂಡಿಸಲಾಯಿತು. ಎರಡು ಹುಬ್ಬುಗಳ ನಡುವೆ ಚರ್ಮದ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಳ್ಳಲಾಗಿತ್ತು. ಹೊಸ ಮೂಗಿಗೆ ರಕ್ತ ಹರಿದುಬರುತ್ತಿದ್ದುದು ಆ ಪಟ್ಟಿಯ ಮೂಲಕವೇ. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಇದೇ ಕ್ರಮದಿಂದ ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ನಡೆಸಿ, 1816ರಲ್ಲಿ ಅದರ ಬಗ್ಗೆ ಗ್ರಂಥವನ್ನು ಬರೆದನು. ಹಣೆಯ ಚರ್ಮದಿಂದ ಮೂಗನ್ನು ರೂಪಿಸುವ ಈ ಕ್ರಮವನ್ನು ಜಗತ್ತಿನ ಆಸ್ಪತ್ರೆಗಳು ಇಂದಿಗೂ ಕೈಬಿಟ್ಟಿಲ್ಲ.

ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಸಿಡಿಗುಂಡುಗಳಿಂದ ಮುಖ ಛಿದ್ರಗೊಂಡ ಸಾವಿರಾರು ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಎಂಬ ವೈದ್ಯರು ಚಿಕಿತ್ಸೆ ನೀಡಿದರು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಇದಕ್ಕಾಗಿಯೇ ಆಸ್ಪತ್ರೆಯೊಂದು ತೆರೆಯಿತು. ಕಳೆದುಹೋದುದನ್ನು ಮರಳಿ ಕೊಡುವುದೇ ಈ ವಿದ್ಯೆಯ ಮೊದಲ ಉದ್ದೇಶವಾಗಿತ್ತು. ಇದ್ದುದನ್ನು ಇನ್ನಷ್ಟು ಚೆಲುವಾಗಿಸುವ ಆಸೆ ಆಮೇಲೆ ಬೆಳೆದು ಬಂದದ್ದು.

ಪ್ರಯೋಗಾಲಯದಲ್ಲಿ ಬೆಳೆದ ಚರ್ಮ

ಸುಟ್ಟಗಾಯಕ್ಕೆ ರೋಗಿಯದೇ ತೊಡೆಯ ಚರ್ಮವನ್ನು ತೆಳುವಾಗಿ ತೆಗೆದು ಹಚ್ಚುವುದು ಬಹುಕಾಲದ ಪದ್ಧತಿ. ಆದರೆ ಮೈಯ ಬಹುಭಾಗವೇ ಸುಟ್ಟಿದ್ದರೆ ತೆಗೆಯಲು ಚರ್ಮವಾದರೂ ಎಲ್ಲಿರುತ್ತದೆ? ಈ ಪ್ರಶ್ನೆಗೆ ಉತ್ತರದ ದಾರಿ 1975ರಲ್ಲಿ ತೆರೆಯಿತು. ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಮನುಷ್ಯನ ಹೊರಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಹೆಚ್ಚಿಸುವ ವಿಧಾನವನ್ನು ಕಂಡುಹಿಡಿದರು. ಮೈಯ ಶೇಕಡಾ 95ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಸೋದರರು ಈ ವಿಧಾನದಿಂದ ಬದುಕಿ ಉಳಿದ ವರದಿಯು 1984ರಲ್ಲಿ ಪ್ರಕಟವಾದಾಗ ವೈದ್ಯಲೋಕವೇ ಬೆರಗಾಯಿತು.

ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯೆ ಫಿಯೋನಾ ವುಡ್ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಿಯ ಅಂಚೆಚೀಟಿಯಷ್ಟು ಚರ್ಮದಿಂದ ಜೀವಕೋಶಗಳನ್ನು ಬಿಡಿಸಿ, ದ್ರವದಲ್ಲಿ ಬೆರೆಸಿ, ಗಾಯದ ಮೇಲೆ ಸಿಂಪಡಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು.

ಇದಕ್ಕಿಂತಲೂ ಅಚ್ಚರಿಯ ವರದಿಯು ಜರ್ಮನಿಯಿಂದ 2017ರಲ್ಲಿ ಬಂದಿತು. ಮುಟ್ಟಿದರೆ ಚರ್ಮ ಗುಳ್ಳೆಯೆದ್ದು ಕಳಚಿಬೀಳುವ ಆನುವಂಶಿಕ ರೋಗದಿಂದ ಬಳಲುತ್ತಿದ್ದ 7 ವರ್ಷದ ಬಾಲಕನೊಬ್ಬನು ಸಾವಿನ ಅಂಚಿನಲ್ಲಿದ್ದನು. ಅವನದೇ ಜೀವಕೋಶಗಳನ್ನು ತೆಗೆದು, ದೋಷವುಳ್ಳ ವಂಶವಾಹಿಯ ಸರಿಯಾದ ಪ್ರತಿಯನ್ನು ಅವುಗಳಲ್ಲಿ ಸೇರಿಸಿ, ಚರ್ಮದ ಹಾಳೆಗಳನ್ನಾಗಿ ಬೆಳೆಸಿ, ಮೈಯ ಶೇಕಡಾ 80ರಷ್ಟು ಭಾಗಕ್ಕೆ ಹೊದಿಸಲಾಯಿತು. ಆ ಬಾಲಕನು ಶಾಲೆಗೆ ಮರಳಿದನು.

ಕಿವಿಯನ್ನು ಬೆಳೆಸುವ ಯತ್ನ

ಕೆಲವು ಮಕ್ಕಳು ಹುಟ್ಟುವಾಗಲೇ ಹೊರಗಿವಿ ಪೂರ್ಣವಾಗಿ ಬೆಳೆದಿರುವುದಿಲ್ಲ. ಅಂಥವರಿಗೆ ಅವರದೇ ಪಕ್ಕೆಲುಬಿನ ತುದಿಯ ಮೃದ್ವಸ್ಥಿಯನ್ನು ತೆಗೆದು, ಶಿಲ್ಪಿಯು ಕೆತ್ತುವಂತೆ ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದಡಿ ಕೂಡಿಸುವುದು ಇಂದು ರೂಢಿಯಲ್ಲಿರುವ ಕ್ರಮ. ಪಕ್ಕೆಲುಬನ್ನು ಮುಟ್ಟದೆಯೇ ಕಿವಿಯನ್ನು ಬೆಳೆಸಬಹುದೇ ಎಂಬುದು ಸಂಶೋಧಕರ ಪ್ರಶ್ನೆ. 2018ರಲ್ಲಿ ಚೀನಾದ ವೈದ್ಯರು ಐವರು ಮಕ್ಕಳಿಗೆ ಅವರದೇ ಮೃದ್ವಸ್ಥಿಯ ಜೀವಕೋಶಗಳಿಂದ, ಗಣಕಯಂತ್ರದ ನೆರವಿನಿಂದ ಮುದ್ರಿಸಿದ ಅಚ್ಚನ್ನು ಬಳಸಿ ಕಿವಿ ಬೆಳೆಸಿ ಕೂಡಿಸಿದ ವರದಿಯನ್ನು ಪ್ರಕಟಿಸಿದರು. ಜೀವಕೋಶಗಳಿಂದಲೇ ಮುದ್ರಿಸಿದ ಕಿವಿಯನ್ನು 20 ವರ್ಷದ ಯುವತಿಗೆ ಕೂಡಿಸಲಾಯಿತೆಂದು 2022ರಲ್ಲಿ ಅಮೆರಿಕದಿಂದ ವರದಿ ಬಂದಿತು. ಇವು ಇನ್ನೂ ಪ್ರಯೋಗದ ಹಂತದ ಕೆಲಸಗಳು. ಇವುಗಳನ್ನು ಇಂದೇ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬಾರದು.

ಚೆಲುವಿನ ಪೇಟೆ

ಸೌಂದರ್ಯಕ್ಕಾಗಿ ಬಳಕೆಯಾಗುವ ವಿಧಾನಗಳಲ್ಲಿ ಬೊಟಾಕ್ಸ್ ಚುಚ್ಚುಮದ್ದಿನ ಹೆಸರನ್ನು ಕೇಳದವರು ವಿರಳ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ರೋಗಾಣುವಿನ ಘೋರವಾದ ವಿಷವೇ ಇದರ ಮೂಲದ್ರವ್ಯ. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ಅದು ಸ್ನಾಯುವನ್ನು ಕೆಲಕಾಲ ಸಡಿಲಗೊಳಿಸುತ್ತದೆ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತದ ಚಿಕಿತ್ಸೆಗೆ. ಹುಬ್ಬುಗಳ ನಡುವಣ ಸುಕ್ಕಿಗೆ ಬಳಸಲು ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಇದರ ಪರಿಣಾಮ ಮೂರು ನಾಲ್ಕು ತಿಂಗಳು ಮಾತ್ರ ಉಳಿಯುತ್ತದೆ. ಆದುದರಿಂದ ಒಮ್ಮೆ ಆರಂಭಿಸಿದವರು ಮತ್ತೆ ಮತ್ತೆ ಹಣ ತೆರಬೇಕಾಗುತ್ತದೆ.

ಕೊಬ್ಬನ್ನು ಸಣ್ಣ ನಳಿಕೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯು 1970ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸ್‌ಗಳಲ್ಲಿ ರೂಪುಗೊಂಡಿತು. ಇದು ಸ್ಥೂಲಕಾಯಕ್ಕೆ ಮದ್ದಲ್ಲ. ಒಂದೆಡೆ ಕೂಡಿಕೊಂಡ ಕೊಬ್ಬನ್ನು ತಗ್ಗಿಸಿ ಮೈಕಟ್ಟನ್ನು ತಿದ್ದುವ ಉಪಾಯ ಮಾತ್ರ. ಅರಿವಳಿಕೆ, ರಕ್ತಸ್ರಾವ, ಕೊಬ್ಬಿನ ಕಣಗಳು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುವುದು ಮುಂತಾದ ಅಪಾಯಗಳು ಇದರಲ್ಲಿವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಇಂಥ ಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆಯ ನಟಿಯೊಬ್ಬರು ತೀರಿಕೊಂಡ ಸುದ್ದಿಯು ನಾಡಿನ ತಾಯಿತಂದೆಯರನ್ನು ಕಲಕಿತು.

ಸಿಲಿಕೋನ್ ಚೀಲಗಳ ಕಥೆಯೂ ಎಚ್ಚರಿಕೆಯ ಪಾಠವೇ ಆಗಿದೆ. ಸ್ತನದ ಆಕಾರಕ್ಕಾಗಿ ಇವುಗಳನ್ನು ಮೊದಲು ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಸುರಕ್ಷತೆಯ ಪುರಾವೆ ಸಾಲದೆಂದು 1992ರಲ್ಲಿ ಅಲ್ಲಿ ಇವುಗಳ ಸಾಮಾನ್ಯ ಬಳಕೆಯನ್ನು ನಿಲ್ಲಿಸಲಾಯಿತು. ಹಲವು ಅಧ್ಯಯನಗಳ ನಂತರ 2006ರಲ್ಲಿ ನಿಬಂಧನೆಗಳೊಡನೆ ಮತ್ತೆ ಒಪ್ಪಿಗೆ ದೊರೆಯಿತು. 2010ರಲ್ಲಿ ಫ್ರಾನ್ಸಿನ ಕಂಪನಿಯೊಂದು ವೈದ್ಯಕೀಯ ಬಳಕೆಗೆ ಒಪ್ಪಿತವಲ್ಲದ ಅಗ್ಗದ ಸಿಲಿಕೋನನ್ನು ತುಂಬುತ್ತಿದ್ದುದು ಬಯಲಾಯಿತು. ಒರಟು ಮೈಯ ಕೆಲವು ಚೀಲಗಳಿಂದ ಅಪರೂಪದ ಒಂದು ಬಗೆಯ ಕ್ಯಾನ್ಸರ್ ಬರಬಹುದೆಂಬ ಕಾರಣಕ್ಕೆ 2019ರಲ್ಲಿ ಅವುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಹೊಸದು ಎಂದ ಮಾತ್ರಕ್ಕೆ ನಿರಪಾಯ ಎಂದು ತಿಳಿಯಬಾರದೆಂಬುದನ್ನು ಈ ಇತಿಹಾಸ ಸಾರುತ್ತದೆ. ಸ್ತನ ಕ್ಯಾನ್ಸರಿನಿಂದ ಅಂಗವನ್ನು ಕಳೆದುಕೊಂಡ ತಾಯಂದಿರಿಗೆ ಇದೇ ವಿದ್ಯೆಯು ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸ ಚರ್ಮಗಳಿಂದ ಪುನಾರಚನೆಯನ್ನು ಮಾಡಿಕೊಡಬಲ್ಲುದೆಂಬುದನ್ನೂ ಮರೆಯಬಾರದು.

ಮಗುವಿನ ತುಟಿ, ತಾಯಿಯ ಕಣ್ಣೀರು

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನೆಗಳಿಗೆ ತಲುಪಬೇಕಾದ ವಿಷಯ ಸೀಳುತುಟಿಯದು. ಸುಮಾರು 700 ಶಿಶುಗಳಲ್ಲಿ ಒಂದು ಸೀಳುತುಟಿ ಅಥವಾ ಸೀಳು ಅಂಗುಳದೊಡನೆ ಹುಟ್ಟುತ್ತದೆ. ಬಸುರಿಯು ಗ್ರಹಣದ ವೇಳೆ ಹೊರಗೆ ಬಂದಳು, ಈಳಿಗೆ ಮುಟ್ಟಿದಳು ಎಂದು ಸೊಸೆಯನ್ನು ಹಳಿಯುವ ಮಾತು ಇಂದಿಗೂ ಕೇಳಿಬರುತ್ತದೆ. ಗರ್ಭದಲ್ಲಿ ಮೇಲ್ದುಟಿಯ ಭಾಗಗಳು ಒಂದುಗೂಡುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಎಷ್ಟೋ ಬಾರಿ ತಾನು ಬಸುರಿಯೆಂದು ಹೆಣ್ಣಿಗೆ ಖಚಿತವಾಗುವ ಮೊದಲೇ. ಆ ಕೂಡಿಕೆ ತಪ್ಪಿದಾಗ ಸೀಳು ಉಳಿಯುತ್ತದೆ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರು ತಿಂಗಳ ಪ್ರಾಯದ ಸುಮಾರಿಗೆ, ಅಂಗುಳದ್ದನ್ನು 9ರಿಂದ 18 ತಿಂಗಳೊಳಗೆ ಮಾಡುತ್ತಾರೆ. ತಡವಾದಷ್ಟೂ ಮಗುವಿನ ಮಾತು ಸ್ಪಷ್ಟವಾಗುವುದು ಕಷ್ಟ. ಸೇವಾಸಂಸ್ಥೆಗಳ ನೆರವಿನಿಂದ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯು ಉಚಿತವಾಗಿಯೇ ದೊರೆಯುತ್ತದೆ. ಹಣವಿಲ್ಲವೆಂದು ಯಾವ ಮಗುವನ್ನೂ ಮನೆಯಲ್ಲಿ ಮರೆಮಾಡಿ ಇಡಬೇಕಾಗಿಲ್ಲ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ಮಗಳ ಮೂಗು ಚಪ್ಪಟೆಯೆಂದು ವರನ ಕಡೆಯವರು ಆಡಿದ ಒಂದು ಮಾತಿಗೆ ನೊಂದು ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ ಹಿರಿಯರು ನಾಲ್ಕು ಬಾರಿ ಯೋಚಿಸಬೇಕು. ಮೂಗನ್ನು ನೋಡಿ ಬರುವ ಸಂಬಂಧವು ಮೂಗಿನಷ್ಟೇ ಉದ್ದ. ಹಾಗೆಂದು ಹರೆಯದವರ ಅಳಲನ್ನು ಗದರಿಸಿ ಬಾಯಿಮುಚ್ಚಿಸುವುದೂ ಸಲ್ಲದು. ಗದರಿಕೆಗೆ ಹೆದರಿದ ಮಕ್ಕಳು ಮನೆಯವರಿಗೆ ತಿಳಿಸದೆ ಚಿಕಿತ್ಸೆಗೆ ಹೋಗುತ್ತಾರೆ. ಅಪಾಯವಿರುವುದು ಅಲ್ಲಿಯೇ. ಅವರೊಡನೆ ಕುಳಿತು ಮಾತನಾಡಿ, ವೈದ್ಯರಲ್ಲಿಗೆ ಜೊತೆಯಾಗಿ ಹೋಗುವುದು ಲೇಸು.

ಹೋದಾಗ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ವೈದ್ಯರು ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿಯನ್ನು ಪ್ಲಾಸ್ಟಿಕ್ ಸರ್ಜರಿಯಲ್ಲಿಯೇ ಪಡೆದಿರುವರೇ? ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಯುದ್ದಕ್ಕೂ ಇರುವರೇ? ತುರ್ತು ಸಂದರ್ಭಕ್ಕೆ ತೀವ್ರ ನಿಗಾ ಘಟಕವಿದೆಯೇ? ಕಲೆ ಉಳಿಯುವುದೇ? ಫಲಿತಾಂಶ ಸರಿಬಾರದಿದ್ದರೆ ಮುಂದೇನು? ನಮ್ಮವರಂಥ ಕಂದುಮೈಯವರಲ್ಲಿ ಗಾಯದ ಕಲೆ ದಪ್ಪವಾಗಿ ಉಬ್ಬುವ ಸಂಭವ ಬಿಳಿಯರಿಗಿಂತ ಹೆಚ್ಚು ಎಂಬುದನ್ನೂ ನೆನಪಿನಲ್ಲಿಡಬೇಕು. ಧೂಮಪಾನಿಗಳಿಗೆ ಗಾಯ ಮಾಯುವುದು ನಿಧಾನ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೇವಿಸುತ್ತಿರುವ ಮಾತ್ರೆಗಳು ಇವುಗಳಲ್ಲಿ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು.

ನಾವು ಕೊಡಬಹುದಾದುದು

ಕೊನೆಯದಾಗಿ ಒಂದು ಮಾತು. ಪ್ರಯೋಗಾಲಯದ ಚರ್ಮವು ದುಬಾರಿ, ಬೆಳೆಯಲು ವಾರಗಳು ಬೇಕು. ಅಲ್ಲಿಯವರೆಗೆ ಸುಟ್ಟಗಾಯದವರ ಜೀವ ಕಾಯುವುದು ದಾನದಿಂದ ಬಂದ ಚರ್ಮ. ಅದು ಗಾಯವನ್ನು ಮುಚ್ಚಿ, ದೇಹದ ನೀರು ಸೋರಿಹೋಗುವುದನ್ನೂ ಸೋಂಕನ್ನೂ ತಡೆಯುತ್ತದೆ. ಒಲೆಯ ಬೆಂಕಿ, ಸ್ಟೌ, ಸೀರೆಯ ಸೆರಗು ಇವುಗಳಿಂದ ನಮ್ಮ ನಾಡಿನಲ್ಲಿ ಸುಟ್ಟುಕೊಳ್ಳುವವರಲ್ಲಿ ಹೆಂಗಸರೂ ಮಕ್ಕಳೂ ಬಹಳ ಮಂದಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮನಿಧಿ ಆರಂಭವಾಯಿತು.

ಕಣ್ಣಿನ ದಾನದಂತೆ ಚರ್ಮದಾನವನ್ನೂ ಮರಣಾನಂತರ ಆರು ಗಂಟೆಗಳೊಳಗೆ ಮಾಡಬೇಕು. 18 ವರ್ಷ ಮೀರಿದ ಯಾರ ಚರ್ಮವನ್ನಾದರೂ, ಸೋಂಕುರೋಗ ಅಥವಾ ಚರ್ಮದ ಕ್ಯಾನ್ಸರ್ ಇಲ್ಲದಿದ್ದರೆ, ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ರಕ್ತದ ಗುಂಪು ಹೊಂದಬೇಕೆಂಬ ನಿಯಮವಿಲ್ಲ. ತೊಡೆ, ಕಾಲು, ಬೆನ್ನುಗಳಿಂದ ತೀರ ತೆಳುವಾದ ಮೇಲುಪದರವನ್ನಷ್ಟೇ ತೆಗೆಯುತ್ತಾರೆ. ಮುಖವನ್ನು ಮುಟ್ಟುವುದಿಲ್ಲ, ರಕ್ತ ಸುರಿಯುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯೂ ಇಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಇದು ನಡೆಯದು. ಆದುದರಿಂದ ಬದುಕಿರುವಾಗಲೇ ಮಕ್ಕಳೊಡನೆ, ಸೊಸೆಯಂದಿರೊಡನೆ ಈ ವಿಚಾರವನ್ನು ಆಡಿಟ್ಟಿರಬೇಕು.

ಚೆಲುವಿಗಾಗಿ ಹಣ ತೆರುವುದೂ ಬಿಡುವುದೂ ಅವರವರ ವಿವೇಕಕ್ಕೆ ಬಿಟ್ಟ ವಿಷಯ. ಆದರೆ ಸುಟ್ಟು ಮಲಗಿದ ಒಂದು ಮಗುವಿಗೆ ಹೊದಿಕೆಯಾಗಬಲ್ಲ ಚರ್ಮ ನಮ್ಮೆಲ್ಲರ ಮೈಮೇಲೆಯೂ ಇದೆ. ಈ ತಿಂಗಳು ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆಯಾದರೂ ಈ ಮಾತು ನಡೆಯಲಿ ಎಂದು ನಾವು ಓದುಗರನ್ನು ವಿನಯಪೂರ್ವಕವಾಗಿ ಕೋರುತ್ತೇವೆ.