ಹುಳುವಿನ ಒಡಲಿನ ಬ್ಯಾಕ್ಟೀರಿಯಾ: ಹೆಸರಿಡುವ ಶಾಸ್ತ್ರವೂ ನಮ್ಮ ಆರೋಗ್ಯವೂ

ಊರಿನ ಅಡಿಕೆ ತೋಟಕ್ಕೆ ಬೇರುಹುಳುವಿನ ಕಾಟ ತಗಲಿದೆಯೆಂಬ ಸುದ್ದಿ, ಉದ್ಯೋಗನಿಮಿತ್ತ ಮಹಾನಗರಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಮಣ್ಣಿನಡಿಯಲ್ಲಿ ಅಡಗಿರುವ ಈ ಗೊಣ್ಣೆಹುಳುವನ್ನು ಕೊಲ್ಲಬಲ್ಲ ಜೀವಿಯೂ ಮಣ್ಣಿನಲ್ಲಿಯೇ ಇದೆ. ಅದೊಂದು ಬರಿಗಣ್ಣಿಗೆ ಕಾಣಿಸದಷ್ಟು ಸಣ್ಣ ದುಂಡುಹುಳು. ಆದರೆ ಕೊಲ್ಲುವ ಕೆಲಸದಲ್ಲಿ ಹಿರಿಯ ಪಾಲು ಅದರದಲ್ಲ. ಅದರ ಕರುಳಿನಲ್ಲಿ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾದ್ದು. ಈ ಸೂಕ್ಷ್ಮಾಣುಗಳಿಗೆ ಸರಿಯಾದ ಹೆಸರಿಡಲು ವಿಜ್ಞಾನಿಗಳು ಪಟ್ಟ ಶ್ರಮ ನಮ್ಮ ಆರೋಗ್ಯಕ್ಕೂ ಸಂಬಂಧಪಟ್ಟಿದೆ.

ದುಂಡುಹುಳುವಿನ ಮರಿಯು ಕೀಟದ ಬಾಯಿ, ಗುದದ್ವಾರ ಅಥವಾ ಉಸಿರುರಂಧ್ರಗಳ ಮೂಲಕ ಒಳಹೊಕ್ಕು, ತಾನು ಹೊತ್ತು ತಂದ ಬ್ಯಾಕ್ಟೀರಿಯಾಗಳನ್ನು ಕೀಟದ ರಕ್ತದೊಳಗೆ ಬಿಡುತ್ತದೆ. ಅವು ವಿಷವನ್ನು ಸ್ರವಿಸಿ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಕೀಟವನ್ನು ಕೊಲ್ಲುತ್ತವೆ. ಕಳೇಬರ ಕೊಳೆಯದಂತೆ ಇತರ ಸೂಕ್ಷ್ಮಾಣುಗಳನ್ನು ದೂರವಿಡುವ ಪ್ರತಿಜೈವಿಕಗಳನ್ನೂ ಅವೇ ತಯಾರಿಸುತ್ತವೆ. ಆ ಕಳೇಬರದಲ್ಲಿಯೇ ದುಂಡುಹುಳುಗಳು ಉಂಡು, ಬೆಳೆದು, ಸಂತಾನ ಪಡೆಯುತ್ತವೆ. ಒಂದಕ್ಕೆ ವಾಹನ, ಇನ್ನೊಂದಕ್ಕೆ ಅನ್ನ: ಇದು ಇವೆರಡರ ಒಪ್ಪಂದ.

1965ರಲ್ಲಿ ಪಾಯ್ನಾರ್ ಮತ್ತು ಥಾಮಸ್ ಇಂಥ ಒಂದು ಬ್ಯಾಕ್ಟೀರಿಯಾವನ್ನು ವರ್ಣಿಸಿ ಅಕ್ರೊಮೊಬ್ಯಾಕ್ಟರ್ ಕುಲಕ್ಕೆ ಸೇರಿಸಿದರು. ಅದು ಅಲ್ಲಿಗೆ ಹೊಂದದೆಂದು ಕಂಡು, 1979ರಲ್ಲಿ ಅವರೇ ಝೀನೋರ್‍ಹಾಬ್ಡಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಕತ್ತಲೆಯಲ್ಲಿ ಮಂದವಾಗಿ ಬೆಳಗುವ ಇನ್ನೊಂದು ಬಗೆಯನ್ನೂ ಅದರಲ್ಲಿಯೇ ಇರಿಸಿದರು. ಆದರೆ ಡಿಎನ್‌ಎ ಹೋಲಿಕೆಯಲ್ಲಿ ಈ ಎರಡು ಬಗೆಗಳ ನಡುವೆ ಬಹಳ ಅಂತರ ಕಂಡುಬಂದುದರಿಂದ, 1993ರಲ್ಲಿ ಬೆಳಗುವವುಗಳಿಗೆ ಫೋಟೋರ್‍ಹಾಬ್ಡಸ್ ಎಂಬ ಪ್ರತ್ಯೇಕ ಕುಲವಾಯಿತು.

ಹೆಸರು ಯಾವುದಾದರೇನು ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಆಸ್ಪತ್ರೆಯಿಂದಲೇ ಬಂತು. 1989ರಲ್ಲಿ ಅಮೆರಿಕದಲ್ಲಿ ರೋಗಿಗಳ ಗಾಯಗಳಿಂದಲೂ ರಕ್ತದಿಂದಲೂ ಇದೇ ಬಗೆಯ ಬ್ಯಾಕ್ಟೀರಿಯಾ ದೊರೆತುದು ವರದಿಯಾಯಿತು. ಮುಂದೆ ಆಸ್ಟ್ರೇಲಿಯದಲ್ಲಿಯೂ ಕಂಡಿತು. ರೈತನ ಮಿತ್ರನೇ ಮನುಷ್ಯನಿಗೆ ಶತ್ರುವೇ? ವಿಂಗಡಿಸಿ ನೋಡಿದಾಗ ಅದು ಬೇರೆಯೇ ಪ್ರಭೇದವೆಂದು ತಿಳಿಯಿತು. ಅದರೊಡನೆ ಬಾಳುವ ದುಂಡುಹುಳು ಕಾಣದ ಕಾರಣ, ‘ಸಹಜೀವಿಯಲ್ಲದ್ದು’ ಎಂಬರ್ಥದಲ್ಲಿ 1999ರಲ್ಲಿ ಅಸಿಂಬಯೋಟಿಕಾ ಎಂದು ಹೆಸರಿಟ್ಟರು. 2006ರಲ್ಲಿ ಆಸ್ಟ್ರೇಲಿಯದ ಮಣ್ಣಿನಲ್ಲಿ ಅದರ ದುಂಡುಹುಳುವೂ ಸಿಕ್ಕಿತು! ಹೆಸರು ಹುಸಿಯಾಯಿತು, ಆದರೂ ನಾಮಕರಣದ ನಿಯಮದಂತೆ ಅದೇ ಉಳಿದಿದೆ. ಈ ಪ್ರಭೇದವು ನಮ್ಮ ದೇಹದ 37 ಡಿಗ್ರಿ ಉಷ್ಣತೆಯಲ್ಲಿಯೂ ಬೆಳೆಯಬಲ್ಲದು ಎಂಬುದು ಗಮನಾರ್ಹ.

ಇಂದು ಹೊಸ ಪ್ರಭೇದವೆಂದು ಸಾರಲು ಬಣ್ಣ, ಆಕಾರ, ಆಹಾರಗಳ ಪರೀಕ್ಷೆ ಸಾಲದು. ಜೀನೋಮನ್ನು ಪೂರ್ತಿ ಓದಿ ನೆಂಟರೊಡನೆ ಹೋಲಿಸಬೇಕು. ಹೋಲಿಕೆ ಸುಮಾರು ಶೇಕಡಾ 95ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ರಭೇದವೆಂದು ಎಣಿಸುತ್ತಾರೆ. ಮಾದರಿ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿ ಇಡಬೇಕು. ಈ ಕ್ರಮದಿಂದಲೇ 2018ರಲ್ಲಿ ಫೋಟೋರ್‍ಹಾಬ್ಡಸ್‌ನ ಹಲವು ಉಪಪ್ರಭೇದಗಳು ಪ್ರಭೇದದ ಪದವಿಗೆ ಏರಿದವು.

ನಮ್ಮ ದೇಶದ ಪಾಲೂ ಇದರಲ್ಲಿದೆ. ಭಾರತದ ಹೆಸರನ್ನೇ ಹೊತ್ತ ಹೆಟೆರೋರ್‍ಹಾಬ್ಡೈಟಿಸ್ ಇಂಡಿಕಾ ಎಂಬ ದುಂಡುಹುಳುವನ್ನು 1992ರಲ್ಲಿ ತಮಿಳುನಾಡಿನ ಕೊಯಮತ್ತೂರಿನ ಮಾದರಿಯಿಂದ ವರ್ಣಿಸಲಾಯಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಇದರ ಪುಡಿರೂಪದ ಸಿದ್ಧವಸ್ತುವನ್ನು ಗೊಣ್ಣೆಹುಳುವಿನ ಹತೋಟಿಗಾಗಿ ರೂಪಿಸಿದೆ. ದೆಹಲಿಯ ದುಂಡುಹುಳುವೊಂದರಿಂದ ದೊರೆತ ಬ್ಯಾಕ್ಟೀರಿಯಾಕ್ಕೆ 2006ರಲ್ಲಿ ಝೀನೋರ್‍ಹಾಬ್ಡಸ್ ಇಂಡಿಕಾ ಎಂಬ ಹೆಸರಾಯಿತು.

ವೈದ್ಯಶಾಸ್ತ್ರಕ್ಕೂ ಇವುಗಳಿಂದ ಲಾಭವಾಗಿದೆ. ಇವುಗಳ ಸ್ರಾವದಲ್ಲಿ ಗುರುತಿಸಲಾದ ಟಾಪಿನಾರೋಫ್ ಎಂಬ ವಸ್ತು, ಸೋರಿಯಾಸಿಸ್ ಚರ್ಮರೋಗಕ್ಕೆ ಹಚ್ಚುವ ಮುಲಾಮಾಗಿ 2022ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಮೊಂಡುಬಿದ್ದ ಬ್ಯಾಕ್ಟೀರಿಯಾಗಳ ಮೇಲೆ ಪರಿಣಾಮ ತೋರಿದ ಡಾರೋಬ್ಯಾಕ್ಟಿನ್ 2019ರಲ್ಲಿ ವರದಿಯಾಯಿತು.

ಊರಿಗೆ ಹೋದಾಗ ತೋಟದ ಮಣ್ಣಿಗಿಳಿಯುವವರು ಕೈಕಾಲಿನ ಗಾಯವನ್ನು ಮುಚ್ಚಿಕೊಳ್ಳುವುದು ಒಳ್ಳೆಯದು. ಗಾಯ ಬೇಗನೆ ಮಾಯದಿದ್ದರೆ, ಮಣ್ಣಿನಲ್ಲಿ ಕೆಲಸ ಮಾಡಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಿತ್ರನಾರು, ಶತ್ರುವಾರು ಎಂದು ಬೇರ್ಪಡಿಸಿ ಹೇಳಲು ಮೊದಲು ಬೇಕಾದುದು ಸರಿಯಾದ ಹೆಸರು.